ತಿದ್ದದಿರುವ ವಿದ್ಯೆ

ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಕುರಿತು ಪಾಠ ಹೇಳುವವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಲಿಪಿಕಾರನು ದಡ್ಡನಾದರೆ ಕಾವ್ಯಕ್ಕೆ ಅಷ್ಟಾಗಿ ಕೇಡಿಲ್ಲ. ಆತ ಅಕ್ಷರ ಬಿಟ್ಟಾನು, ಸಾಲು ಹಾರಿಸಿಯಾನು. ಆ ತಪ್ಪು ಒಡನೆಯೇ ಕಣ್ಣಿಗೆ ಬೀಳುತ್ತದೆ. ಅವನು ಜಾಣನಾದರೇ ಅಪಾಯ. ಕವಿಯ ಮಾತು ಹಿಡಿಸದ ಕಡೆ ತನ್ನದೊಂದು ಮಾತನ್ನು ಹೊಂದಿಸಿ ಕೂರಿಸುತ್ತಾನೆ. ಕೆಲವು ತಲೆಮಾರುಗಳ ತರುವಾಯ ಯಾವುದು ಕವಿಯದು, ಯಾವುದು ಪ್ರಕ್ಷಿಪ್ತ ಎಂದು ವಿದ್ವಾಂಸರು ಜಗಳವಾಡಬೇಕಾಗುತ್ತದೆ. ತಿದ್ದಬಲ್ಲವನು ತಿದ್ದದೆ ಇರುವುದು ಒಂದು ವಿದ್ಯೆ. ಹೊಸತನದ ಹೆಸರಿನಲ್ಲಿ ಎಲ್ಲವನ್ನೂ ಅಳೆಯುವ ನಮಗೆ ಆ ವಿದ್ಯೆಯ ಬೆಲೆ ತಿಳಿಯುವುದು ಕಷ್ಟ.

ಕಾಲ್ಚೆಂಡಾಟವನ್ನು ಕುರಿತು ಬರೆಯಹೊರಟು ಓಲೆಗರಿಯ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಸ್ಪೇನ್ ದೇಶದ ವಿಸೆಂಟೆ ಡೆಲ್ ಬೋಸ್ಕೆಯನ್ನು ಕುರಿತು ಬಹುಮಂದಿ ಆಡುವ ಒಂದು ಮಾತೇ ಇದಕ್ಕೆ ಕಾರಣ. ‘ಅಂಥ ಆಟಗಾರರಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು’ ಎಂಬುದೇ ಆ ಮಾತು. ವಿಶ್ವಕಪ್, ಯೂರೋಪಿನ ರಾಷ್ಟ್ರಗಳ ಕಪ್, ಯೂರೋಪಿನ ಕ್ಲಬ್ಬುಗಳ ಕಪ್ ಈ ಮೂರನ್ನೂ ತರಬೇತುದಾರನಾಗಿ ಗೆದ್ದವರಲ್ಲಿ ಮೊದಲಿಗನಾದ ಮನುಷ್ಯನ ಬಗ್ಗೆ ಹೀಗೆ ಹೇಳುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದೆಂದು ನನ್ನ ಎಣಿಕೆ.

ಈತ ಹುಟ್ಟಿದ್ದು ೧೯೫೦ರ ಡಿಸೆಂಬರಿನಲ್ಲಿ, ಸಾಲಮಾಂಕಾ ಎಂಬ ಪ್ರಾಚೀನ ವಿದ್ಯಾನಗರದಲ್ಲಿ. ತಂದೆ ರೈಲ್ವೆಯ ನೌಕರ. ಅಂತರ್ಯುದ್ಧದ ಕಾಲದಲ್ಲಿ ಗಣರಾಜ್ಯದ ಪಕ್ಷಪಾತಿಯೆಂದು ಸೆರೆಮನೆ ಕಂಡವನು. ಮಗ ಹದಿಹರೆಯದಲ್ಲಿಯೇ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಬಂದು, ಕೆಲಕಾಲ ಕಾಸ್ಟೆಯೋನ್, ಕೋರ್ಡೊಬಾ ಮುಂತಾದ ಊರುಗಳ ತಂಡಗಳಿಗೆ ಎರವಲು ಹೋಗಿ, ೧೯೭೩ರಿಂದ ೧೯೮೪ರವರೆಗೆ ಹಿರಿಯರ ತಂಡದ ಮಧ್ಯರಂಗದಲ್ಲಿ ಆಡಿದ. ಐದು ಲೀಗ್ ಪ್ರಶಸ್ತಿ, ನಾಲ್ಕು ರಾಜನ ಕಪ್, ದೇಶದ ಪರವಾಗಿ ೧೮ ಪಂದ್ಯ. ಓಟದಲ್ಲಿ ನಿಧಾನಿ, ಚೆಂಡು ತನ್ನ ಬಳಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಬಲ್ಲವನು. ೧೯೮೦ರ ರಾಜನ ಕಪ್ಪಿನ ಅಂತಿಮ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ಡಿಗೆ ಎದುರಾದದ್ದು ಅದೇ ಕ್ಲಬ್ಬಿನ ಕಿರಿಯರ ತಂಡವಾದ ಕಾಸ್ಟಿಯಾ! ಹಿರಿಯರು ೬-೧ರಿಂದ ಗೆದ್ದರು. ಇಂಥ ವಿನೋದ ಆಟದ ಚರಿತ್ರೆಯಲ್ಲಿ ಅಪರೂಪ.

ಆಟ ಬಿಟ್ಟ ಮೇಲೆ ಆತ ಹೋದದ್ದು ಆ ಕಿರಿಯರ ಬಳಿಗೇ. ಹತ್ತಿರ ಹತ್ತಿರ ಹದಿನೈದು ವರ್ಷ ಕ್ಲಬ್ಬಿನ ಎಳೆಯರನ್ನು ನೋಡಿಕೊಂಡ. ೧೯೯೪ರಲ್ಲಿಯೂ ೧೯೯೬ರಲ್ಲಿಯೂ ಹಿರಿಯ ತಂಡದ ಗುರುಪೀಠ ಬರಿದಾದಾಗ ಕೆಲದಿನ ಕುಳಿತು, ಬೇರೆಯವರು ಬಂದೊಡನೆ ಎದ್ದುಹೋದ. ೧೯೯೯ರ ನವೆಂಬರಿನಲ್ಲಿ ಮತ್ತೆ ಕರೆ ಬಂತು. ಈ ಸಲ ನಾಲ್ಕು ವರ್ಷ ಕುಳಿತ. ೧೯೮೧ರಲ್ಲಿ ಆಟಗಾರನಾಗಿ ಪ್ಯಾರಿಸ್ಸಿನಲ್ಲಿ ಲಿವರ್‌ಪೂಲಿಗೆ ಸೋತು ಕಳೆದುಕೊಂಡಿದ್ದ ಯೂರೋಪಿನ ಕಪ್ಪನ್ನು ೨೦೦೦ದಲ್ಲಿ ಅದೇ ಪ್ಯಾರಿಸ್ಸಿನ ಅಂಚಿನ ಸೇಂಟ್ ಡೆನಿಯಲ್ಲಿ ವಲೆನ್ಸಿಯಾ ತಂಡವನ್ನು ೩-೦ರಿಂದ ಮಣಿಸಿ ಪಡೆದ. ಅಂದು ಗೋಲು ಕಾದವನು ೧೯ ತುಂಬಿ ನಾಲ್ಕೇ ದಿನವಾಗಿದ್ದ ಇಕರ್ ಕಸಿಯಾಸ್. ೨೦೦೨ರಲ್ಲಿ ಗ್ಲಾಸ್ಗೋದಲ್ಲಿ ಅದೇ ಕಪ್ ಮತ್ತೊಮ್ಮೆ. ೨೦೦೧ ಮತ್ತು ೨೦೦೩ರಲ್ಲಿ ಲೀಗ್.

ಜಿಡಾನ್, ಫಿಗೋ, ರೌಲ್, ಬ್ರಜಿಲಿನ ರೊನಾಲ್ಡೊ ಒಂದೇ ಸೂರಿನಡಿ ಇದ್ದ ಕಾಲವದು. ಒಬ್ಬೊಬ್ಬನೂ ಒಂದೊಂದು ಸಂಸ್ಥಾನ. ಅವರ ನಡುವೆ ಈ ದಪ್ಪ ಮೀಸೆಯ, ಮೆಲುದನಿಯ ಮನುಷ್ಯ ದೊರೆತನ ಮಾಡಲಿಲ್ಲ. ಮನೆಯ ಹಿರಿಯನ ಹಾಗೆ ಇದ್ದ. ೨೦೦೩ರ ಜೂನ್ ೨೨ರಂದು ಲೀಗ್ ಗೆದ್ದಾಯಿತು. ಮರುದಿನವೇ, ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ಅಧ್ಯಕ್ಷ ಫ್ಲೊರೆಂಟಿನೊ ಪೆರೆಜನ ಆಡಳಿತ ತಿಳಿಸಿತು. ಈತ ಹಳೆಯ ಕಾಲದವನು, ಕ್ಲಬ್ಬಿಗೆ ಹೆಚ್ಚು ಆಧುನಿಕನಾದವನು ಬೇಕು ಎಂಬುದು ಆಗ ಕೇಳಿಬಂದ ಕಾರಣ. ಮೀಸೆಗೂ ಆಧುನಿಕತೆಗೂ ಇರುವ ವೈರ ಎಂಥದೋ ನಾನರಿಯೆ.

ಆಮೇಲೆ ಆದದ್ದನ್ನು ‘ಯಾರು ಬೇಕಾದರೂ’ ಎನ್ನುವವರು ಗಮನಿಸಬೇಕು. ಇದ್ದ ತಾರೆಗಳ ಜೊತೆಗೆ ಬೆಕ್‌ಹ್ಯಾಮನೂ ಬಂದ. ತಾರೆಗಳ ಬೆನ್ನ ಹಿಂದೆ ನಿಂತು, ಎದುರಾಳಿಯಿಂದ ಚೆಂಡು ಕಸಿದು, ಹತ್ತಿರದವನಿಗೆ ಕೊಟ್ಟು ಸುಮ್ಮನಾಗುತ್ತಿದ್ದ ಮಕೆಲೆಲೆಯನ್ನು ಅದೇ ಬೇಸಗೆಯಲ್ಲಿ ಚೆಲ್ಸೀ ಕ್ಲಬ್ಬಿಗೆ ಮಾರಲಾಯಿತು. ಹೊಸ ಗುರು ಕಾರ್ಲೊಸ್ ಕೈರೋಜ್ ಒಂದೇ ವರ್ಷದಲ್ಲಿ ಹೊರಬಿದ್ದ. ತಂಡ ಲೀಗಿನಲ್ಲಿ ನಾಲ್ಕನೆಯದಾಯಿತು. ಮುಂದಿನ ಲೀಗ್ ಪ್ರಶಸ್ತಿ ದೊರೆಯುವಾಗ ೨೦೦೭ ಬಂದಿತ್ತು. ಅಂಥ ಆಟಗಾರರಿದ್ದರೂ ಯಾರು ಬೇಕಾದರೂ ಗೆಲ್ಲಲಿಲ್ಲವಲ್ಲ!

ತುರ್ಕಿಯ ಬೆಸಿಕ್‌ಟಾಸ್ ತಂಡದೊಡನೆ ಕಳೆದ ಅಲ್ಪಕಾಲವನ್ನು ಬಿಟ್ಟುಬಿಡೋಣ. ಅಲ್ಲಿ ಹೇಳುವಂಥದೇನೂ ನಡೆಯಲಿಲ್ಲ. ನಿಜವಾದ ಪರೀಕ್ಷೆ ಒದಗಿದ್ದು ೨೦೦೮ರಲ್ಲಿ. ಆ ವರ್ಷ ಲೂಯಿಸ್ ಅರಗೋನೆಸ್ ಎಂಬ ಮುಂಗೋಪದ ಮುದುಕ ಸ್ಪೇನಿಗೆ ೪೪ ವರ್ಷಗಳ ಮೇಲೆ ಯೂರೋಪಿನ ಕಪ್ ಗೆದ್ದುಕೊಟ್ಟು ಹೊರನಡೆದಿದ್ದ. ಕುಳ್ಳಗಿನ ಆಟಗಾರರ ಕಾಲಿನಿಂದ ಕಾಲಿಗೆ ಚೆಂಡು ಸರಿಯುತ್ತಲೇ ಇರುವ ಆ ಶೈಲಿ ಅರಗೋನೆಸನದು. ಬೇರೆಯವನ ಗೆಲುವನ್ನು ಆನುವಂಶಿಕವಾಗಿ ಪಡೆಯುವುದಕ್ಕಿಂತ ಸಂಕಟದ ಕೆಲಸ ಇನ್ನೊಂದಿಲ್ಲ. ಗೆದ್ದರೆ ಹಿಂದಿನವನ ಪುಣ್ಯ, ಸೋತರೆ ಈಗಿನವನ ಪಾಪ. ಸಾಮಾನ್ಯನಾದವನು ಮೊದಲ ದಿನವೇ ಎಲ್ಲವನ್ನೂ ಕೆಡವಿ ತನ್ನ ಮುದ್ರೆ ಒತ್ತುತ್ತಿದ್ದ. ಡೆಲ್ ಬೋಸ್ಕೆ ಒತ್ತಲಿಲ್ಲ. ಮಾಡಿದ ಬದಲಾವಣೆಯೆಂದರೆ ಮುಖ್ಯವಾಗಿ ಒಂದೇ: ರಕ್ಷಣೆಯ ಮುಂದೆ ಒಬ್ಬನ ಬದಲು ಇಬ್ಬರನ್ನು ನಿಲ್ಲಿಸಿದ, ಷಾಬಿ ಅಲೋನ್ಸೋ ಮತ್ತು ಆಗಿನ್ನೂ ಎಳೆಯನಾಗಿದ್ದ ಬುಸ್ಕೆಟ್ಸ್.

೨೦೧೦ರ ಜೂನ್ ೧೬ರಂದು ಡರ್ಬನ್ನಿನಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿಯೇ ಸ್ಪೇನ್ ಸ್ವಿಟ್ಜರ್ಲೆಂಡಿಗೆ ೦-೧ರಿಂದ ಸೋತಿತು. ದೇಶವೆಲ್ಲ ಬೊಬ್ಬೆಯಿಟ್ಟಿತು, ಅರಗೋನೆಸನೂ ಟೀಕೆಗೆ ಇಳಿದ. ಬುಸ್ಕೆಟ್ಸನನ್ನು ತೆಗೆಯಬೇಕೆಂಬ ಕೂಗೆದ್ದಾಗ ಈತ, ತಾನು ಮತ್ತೆ ಆಟಗಾರನಾಗುವುದಾದರೆ ಅವನಂತೆಯೇ ಆಗಬಯಸುತ್ತೇನೆಂಬ ಅರ್ಥದ ಮಾತಾಡಿ ಅವನನ್ನು ಉಳಿಸಿಕೊಂಡ. ಮಕೆಲೆಲೆಯನ್ನು ಮಾರಿದವರಿಗೂ ಈತನಿಗೂ ಇರುವ ಅಂತರ ಅದೊಂದು ಮಾತಿನಲ್ಲಿದೆ. ಮುಂದೆ ಪೋರ್ಚುಗಲ್, ಪರಗ್ವೆ, ಜರ್ಮನಿಗಳ ಮೇಲೆ ೧-೦. ಜುಲೈ ೧೧ರಂದು ಜೋಹಾನ್ಸ್‌ಬರ್ಗಿನಲ್ಲಿ ನೆದರ್ಲೆಂಡ್ಸಿನ ಮೇಲೆಯೂ ೧-೦. ಏಳು ಪಂದ್ಯಗಳಲ್ಲಿ ಎಂಟೇ ಗೋಲು. ೧೧೬ನೆಯ ನಿಮಿಷದಲ್ಲಿ ಗೋಲು ಹೊಡೆದ ಇನಿಯೆಸ್ಟಾನ ಹೆಸರು ಚಿರಕಾಲ ಉಳಿಯುತ್ತದೆ, ಉಳಿಯಬೇಕಾದದ್ದೇ. ಆದರೆ ಆ ಚೆಂಡು ಬಂದ ದಾರಿಯನ್ನು ನೋಡಿ: ಬಲಬದಿಯಲ್ಲಿ ಓಡಿದ ನವಾಸ್, ಎಡದಿಂದ ದಾಟಿಸಿದ ಟಾರೆಸ್, ಕೊನೆಗೆ ಇನಿಯೆಸ್ಟಾನಿಗೆ ಒಪ್ಪಿಸಿದ ಫಾಬ್ರೆಗಾಸ್. ಮೂವರೂ ಡೆಲ್ ಬೋಸ್ಕೆ ಪಂದ್ಯದ ನಡುವೆ ಬದಲಿಯಾಗಿ ಕಳುಹಿಸಿದವರು! ಆ ಗೋಲಿನಲ್ಲಿ ಆತನ ಕೈಯಿದೆ, ಹೆಸರಿಲ್ಲ, ಅಷ್ಟೆ.

ಮರುವರ್ಷ ರಾಜ ಹ್ವಾನ್ ಕಾರ್ಲೊಸ್ ಆತನನ್ನು ಮಾರ್ಕ್ವಿಸ್ ಪದವಿಗೆ ಏರಿಸಿದ. ಸೆರೆಯಲ್ಲಿದ್ದ ರೈಲ್ವೆ ನೌಕರನ ಮಗನಿಗೆ ಅರಮನೆಯ ಬಿರುದು! ಅದೇ ೨೦೧೧ರ ವಸಂತದಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ ಕ್ಲಬ್ಬುಗಳು ೧೮ ದಿನಗಳಲ್ಲಿ ನಾಲ್ಕು ಸಲ ಸೆಣಸಿದವು. ದೇಶದ ತಂಡದ ಜೀವಾಳವೇ ಈ ಎರಡು ಕ್ಲಬ್ಬುಗಳವರು. ಅವರು ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ ಬಂದಿತ್ತು. ಗುರು ಪಂಚಾಯಿತಿಯ ಭಾಷಣ ಬಿಗಿಯಲಿಲ್ಲ. ತಾನು ಮ್ಯಾಡ್ರಿಡ್ಡಿನಲ್ಲಿ ಬೆಳೆದವನಾದರೂ ಬಾರ್ಸಿಲೋನಾದ ಹುಡುಗರನ್ನು ಮಲಮಕ್ಕಳಂತೆ ಕಾಣಲಿಲ್ಲ. ಕೊನೆಗೆ ಕಸಿಯಾಸ್ ಮತ್ತು ಷಾವಿ ತಾವೇ ಮಾತಾಡಿಕೊಂಡು ವೈಮನಸ್ಯ ನೀಗಿದರು. ೨೦೧೨ರಲ್ಲಿ ಸ್ಪೇನ್ ಕೀವ್ ನಗರದಲ್ಲಿ ಇಟಲಿಯನ್ನು ೪-೦ರಿಂದ ಸೋಲಿಸಿ ಯೂರೋಪಿನ ಕಪ್ ಉಳಿಸಿಕೊಂಡಿತು.

ಈ ವಿದ್ಯೆಗೂ ಮಿತಿಯುಂಟು. ಅದನ್ನು ಮುಚ್ಚಿಡುವುದು ವಕೀಲಿಕೆಯಾದೀತು. ೨೦೧೪ರಲ್ಲಿ ಬ್ರಜಿಲಿಗೆ ಹೋದಾಗ ತಂಡ ದಣಿದಿತ್ತು. ನೆದರ್ಲೆಂಡ್ಸ್ ೫-೧, ಚಿಲಿ ೨-೦. ಎರಡೇ ಪಂದ್ಯಗಳಿಗೆ ಚಾಂಪಿಯನ್ನರ ಗಂಟುಮೂಟೆ ಕಟ್ಟಿತು. ಇಲ್ಲಿ ತಿದ್ದಬೇಕಿತ್ತು, ಮೊದಲೇ, ಗೆದ್ದ ಹುಡುಗರ ಮುಖ ನೋಡದೆ ತಿದ್ದಬೇಕಿತ್ತು. ತನಗೆ ಕೀರ್ತಿ ತಂದವರನ್ನು ಕೈಬಿಡಲು ಆತನಿಗೆ ಮನಸ್ಸಾಗಲಿಲ್ಲ. ಕೃತಜ್ಞತೆ ಆಟದ ಅಂಗಳಕ್ಕೆ ಸಲ್ಲದ ಗುಣವೇ? ಬಹುಶಃ ಸಲ್ಲದು. ಆದರೂ ಅದನ್ನು ಹೇಡಿತನವೆಂದು ಕರೆಯಲಾರೆ. ೨೦೧೬ರಲ್ಲಿ ಸೇಂಟ್ ಡೆನಿಯ ಅದೇ ಮೈದಾನದಲ್ಲಿ ಇಟಲಿಗೆ ೦-೨ರಿಂದ ಸೋತ ಮೇಲೆ ಆತ ತಾನಾಗಿಯೇ ಹೊರಬಂದ.

೨೦೨೪ರ ಏಪ್ರಿಲಿನಲ್ಲಿ ಸ್ಪೇನಿನ ಕಾಲ್ಚೆಂಡು ಒಕ್ಕೂಟ ಹಗರಣಗಳಲ್ಲಿ ಮುಳುಗಿದ್ದಾಗ, ಅದರ ಮೇಲೊಂದು ಕಣ್ಣಿಡಲು ಸರಕಾರ ಸಮಿತಿಯೊಂದನ್ನು ರಚಿಸಿ ಮುಂದಾಳಾಗೆಂದು ಈತನನ್ನು ಕರೆಯಿತು. ಆಗ ಆತನಿಗೆ ೭೩. ಹಳೆಯ ಕಾಲದವನೆಂದು ಬೀಳ್ಕೊಟ್ಟು ಹತ್ತಿರ ಹತ್ತಿರ ೨೧ ವರ್ಷವಾಗಿತ್ತು.