ಮೀಟರ್ ಕೆಟ್ಟಿಲ್ಲ ಸ್ವಾಮೀ, ಅಂಟು ಬಿಟ್ಟಿದೆ!

“ಇದು ರಿಪೇರಿ ಆಗಲ್ಲ ಸಾರ್, ಪೂರ್ತಿ ಬದಲಾಯಿಸಬೇಕು.” ನಮ್ಮ ಕಾಲದ ಅತಿ ದೊಡ್ಡ ಸುಳ್ಳು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಚುನಾವಣೆಯ ಆಶ್ವಾಸನೆಗಳಿಗೆ ಎರಡನೇ ಸ್ಥಾನ.

ವಿಷಯ ಇಷ್ಟೇ. ನನ್ನ ಹದಿಮೂರು ವರ್ಷದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಿಲೋಮೀಟರ್ ತೋರಿಸುವ ಪುಟ್ಟ ಡಿಸ್‌ಪ್ಲೇ ಇದೆ. ಅದರ ಚುಕ್ಕೆಗಳು ಸಾಲುಸಾಲಾಗಿ ಮಾಯವಾಗತೊಡಗಿದವು. ಎಂಟು ಹೋಗಿ ಮೂರಾಗಿ ಕಾಣುತ್ತಿತ್ತು. ಸರ್ವಿಸ್ ಸೆಂಟರಿನವರು ಬಿಚ್ಚಿ ಕೂಡ ನೋಡದೆ ಇಡೀ ಮೀಟರ್ ಕ್ಲಸ್ಟರ್ ಬದಲಿಸಬೇಕೆಂದರು. ಬೆಲೆ ಹದಿನೆಂಟು ಸಾವಿರ! ನೆಗಡಿ ಬಂತೆಂದು ಮೂಗು ಕೊಯ್ಯುವುದು ಅಂದರೆ ಇದೇ ಅಲ್ಲವೇ?

ಒಳಗೆ ನಿಜವಾಗಿ ಆಗಿದ್ದೇನು? ಡಿಸ್‌ಪ್ಲೇಯ ಗಾಜಿಗೂ ಸರ್ಕ್ಯೂಟ್ ಬೋರ್ಡಿಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕೂದಲೆಳೆಯಂಥ ವಿದ್ಯುತ್ ಗೆರೆಗಳು. ಕಾರ್ಖಾನೆಯಲ್ಲಿ ಅದನ್ನು ಬಿಸಿಮಾಡಿ, ಒತ್ತಿ ಅಂಟಿಸಿರುತ್ತಾರೆ. ಕಾರು ಬಿಸಿಲಲ್ಲಿ ಕಾದು, ಏಸಿ ಹಾಕಿದಾಗ ತಣಿದು, ಮತ್ತೆ ಕಾದು... ವರ್ಷಗಟ್ಟಲೆ ಹೀಗಾದರೆ ಅಂಟು ಬಿಡದೆ ಇನ್ನೇನು? ಒಂದು ಗೆರೆ ಬಿಟ್ಟರೆ ಚುಕ್ಕೆಗಳ ಒಂದು ಸಾಲು ಮಾಯ.

ಬ್ಯಾಟರಿ ತಂತಿ ಕಳಚಿ, ಕ್ಲಸ್ಟರ್ ಬಿಚ್ಚಿ, ಪಟ್ಟಿಯ ಮೇಲೆ ಸಿಲಿಕೋನ್ ರಬ್ಬರ್ ಇಟ್ಟು, ಸಾಲ್ಡರಿಂಗ್ ಐರನ್‌ನಿಂದ ಹದವಾಗಿ ಕಾಯಿಸುತ್ತಾ ಒತ್ತಿದೆ. ಕಾವು ಮೀರಿದರೆ ಪಟ್ಟಿ ಸುಡುತ್ತದೆ, ತಾಳ್ಮೆ ಬೇಕು. ಸಾಲುಗಳು ಒಂದೊಂದಾಗಿ ಮರಳಿದವು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ನಮ್ಮ ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಅಲ್ಲಿಂದ ತಂದ ರಬ್ಬರ್ ತುಂಡಿಗೆ ಅರವತ್ತು ರೂಪಾಯಿ. ಒಟ್ಟು ಖರ್ಚು ಅಷ್ಟೇ.

“ಏರ್‌ಬ್ಯಾಗ್ ದೀಪ, ಬ್ರೇಕ್ ದೀಪ ಎಲ್ಲ ಅಲ್ಲೇ ಇವೆ, ಮನೆಯಲ್ಲಿ ಕೈಹಾಕುವುದು ಅಪಾಯ” ಅನ್ನುವವರಿದ್ದಾರೆ. ನಿಜ. ಸ್ಟೀರಿಂಗ್ ಚಕ್ರ ಬಿಚ್ಚಲೇಬೇಕಾದ ಕಾರಾದರೆ ದಯವಿಟ್ಟು ಮುಟ್ಟಬೇಡಿ, ಅದರೊಳಗೆ ಏರ್‌ಬ್ಯಾಗ್ ಇದೆ. ವಾರಂಟಿ ಇದ್ದರೂ ಬೇಡ. ಆದರೆ ಅಪಾಯವಿದೆ ಎನ್ನುವುದು ಕೈಪಿಡಿಯನ್ನು ಎಲ್ಲರಿಗೂ ಕೊಡಲು ಕಾರಣವೇ ಹೊರತು ಬಚ್ಚಿಡಲು ಅಲ್ಲ!

ಇನ್ನೊಂದು ಮಾತು. ಎಷ್ಟೋ ಕಾರುಗಳಲ್ಲಿ ಓಡಿದ ಕಿಲೋಮೀಟರ್ ಲೆಕ್ಕ ಕ್ಲಸ್ಟರಿನ ಚಿಪ್ಪಿನಲ್ಲೇ ಇರುತ್ತದೆ. ಹೊಸದು ಹಾಕಿದರೆ ಹಳೆಯ ಲೆಕ್ಕವನ್ನು ಯಾರೋ ಕೂತು ತುಂಬಬೇಕು. ನಾಳೆ ಕಾರು ಕೊಳ್ಳುವವನು ಅದನ್ನು ಹೇಗೆ ನಂಬಬೇಕು? ಹಳೆಯದನ್ನೇ ಸರಿಮಾಡಿದರೆ ಲೆಕ್ಕವೂ ಪ್ರಾಮಾಣಿಕವಾಗಿ ಉಳಿಯುತ್ತದೆ.

ಇದು ನನ್ನೊಬ್ಬನ ಗೊಣಗಾಟವಲ್ಲ. ಬಿಡಿಭಾಗ, ಕೈಪಿಡಿ, ತಪಾಸಣೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ೨೦೧೪ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ೧೪ ಕಾರು ಕಂಪನಿಗಳಿಗೆ ಸುಮಾರು ೨,೫೪೫ ಕೋಟಿ ರೂಪಾಯಿ ದಂಡ ವಿಧಿಸಿತು. ಅದರ ಮೇಲೆ ಮೇಲ್ಮನವಿಗಳು ನಡೆದವು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ “ದುರಸ್ತಿಯ ಹಕ್ಕು” ಜಾಲತಾಣ ತೆರೆಯಿತು, ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಕಂಪನಿ ಮನಸ್ಸು ಮಾಡಿದಷ್ಟೇ ಮಾಹಿತಿ ಸಿಕ್ಕರೆ ಅದು ಹಕ್ಕಲ್ಲ, ಭಿಕ್ಷೆ. ಸರ್ಕ್ಯೂಟ್ ನಕ್ಷೆ, ಬಿಡಿಭಾಗ ಕೊಡಲೇಬೇಕೆಂಬ ಕಟ್ಟುನಿಟ್ಟಿನ ಕಾನೂನು ಬೇಕು.

ನಮ್ಮೂರಲ್ಲಿ ಕೊಡ ತೂತಾದರೆ ಬೆಸುಗೆ ಹಾಕಿಸುತ್ತಿದ್ದರು, ಕೊಡವನ್ನೇ ಎಸೆಯುತ್ತಿರಲಿಲ್ಲ. ಆ ಬುದ್ಧಿಯನ್ನು ಕಾರು ಬಂದ ತಕ್ಷಣ ಯಾಕೆ ಬಿಟ್ಟುಬಿಟ್ಟೆವು? ಮುಂದಿನ ಸಲ “ಪೂರ್ತಿ ಬದಲಾಯಿಸಬೇಕು” ಅಂದಾಗ ಎರಡೇ ಮಾತು ಕೇಳಿ: ಕೆಟ್ಟಿರುವ ಭಾಗ ಯಾವುದೆಂದು ಬರೆದುಕೊಡಿ, ತೆಗೆದ ಹಳೆಯದನ್ನು ನನಗೇ ವಾಪಸ್ ಕೊಡಿ. ಆಮೇಲೆ ಅವರ ಮುಖ ನೋಡಿ!