ಮೆಟ್ಟೂರಿನ ನೀರಡಿಯ ಊರುಗಳು: 2034ರ ಒಳಗೆ ಆಗಬೇಕಾದ ಕೆಲಸ

ನೀರಿನಡಿಯಲ್ಲಿ ಮುಳುಗಿರುವುದನ್ನು ಹುಡುಕಿಕೊಂಡು ಹೋಗಿ ನೋಡುವುದು ಈಗ ಅನುಕೂಲಸ್ಥರ ಹವ್ಯಾಸವಾಗಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದು ಲಕ್ಷದ್ವೀಪದ ಹವಳದ ದಿಬ್ಬಗಳ ನಡುವೆ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬುಡದಲ್ಲಿ ಮುಳುಗಿ ಬರುವವರನ್ನು ನಾವು ಬಲ್ಲೆವು. ವಾರಗಟ್ಟಲೆ ಹಡಗಿನಲ್ಲೇ ಉಂಡು ಮಲಗಿ, ಮುಳುಗಿದ ಹಳೆಯ ಹಡಗುಗಳನ್ನು ನೋಡುವ ಪ್ರವಾಸಗಳೂ ಉಂಟು. ಆದರೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಗಡಿಯಲ್ಲಿ ಊರುಗಳೇ ನೀರಿನಡಿಯಲ್ಲಿವೆ ಎಂಬ ಸಂಗತಿ ಹೆಚ್ಚಿನವರಿಗೆ ನೆನಪಾಗುವುದು ಬರಗಾಲದಲ್ಲಿ ಮಾತ್ರ.

ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಅಂದಿನ ಮದರಾಸು ಗವರ್ನರ್ ಸರ್ ಜಾರ್ಜ್ ಸ್ಟ್ಯಾನ್ಲಿಯ ಹೆಸರನ್ನು ಜಲಾಶಯಕ್ಕೆ ಇಡಲಾಯಿತು. ಇದರ ಪೂರ್ಣಮಟ್ಟ 120 ಅಡಿ, ಸಾಮರ್ಥ್ಯ 93.47 ಟಿ.ಎಂ.ಸಿ. ಮೈಸೂರು ಮತ್ತು ಮದರಾಸು ಸರಕಾರಗಳ ನಡುವಣ 1924ರ ಒಪ್ಪಂದವೇ ಕನ್ನಂಬಾಡಿಗೂ ಮೆಟ್ಟೂರಿಗೂ ದಾರಿ ಮಾಡಿತು. ಎರಡು ಕಡೆಯೂ ಊರುಗಳು ಮುಳುಗಿದವು. ಮೆಟ್ಟೂರಿನಲ್ಲಿ ನೀರಿನ ಮಟ್ಟ ಸುಮಾರು 70 ಅಡಿಗಿಂತ ಕೆಳಗಿಳಿದಾಗ ಪಣ್ಣವಾಡಿಯ ಬಳಿ ಜಲಕಂಠೇಶ್ವರ ದೇವಾಲಯದ ನಂದಿ ತಲೆಯೆತ್ತುತ್ತದೆ, ಹಳೆಯ ಇಗರ್ಜಿಯ ಗೋಪುರ ಕಾಣಿಸುತ್ತದೆ. ಜನ ಹರಿಗೋಲಿನಲ್ಲಿ ಹೋಗಿ ನೋಡಿ ಬರುತ್ತಾರೆ. ಮಳೆ ಬಂದರೆ ಎಲ್ಲವೂ ಮತ್ತೆ ಮರೆ.

ಇಲ್ಲೊಂದು ತೊಡಕಿದೆ. ನಂದಿಯ ದರ್ಶನವಾಯಿತೆಂದರೆ ತಂಜಾವೂರಿನ ಗದ್ದೆಗಳಿಗೆ ನೀರಿಲ್ಲವೆಂದೇ ಅರ್ಥ. 2023ರ ಅಕ್ಟೋಬರದಲ್ಲಿ ಮಟ್ಟ ಸುಮಾರು 30 ಅಡಿಗೆ ಇಳಿದು ನೀರಾವರಿಯ ನೀರನ್ನು ನಿಲ್ಲಿಸಬೇಕಾಯಿತು. 2024ರಲ್ಲಿ ವಾಡಿಕೆಯ ಜೂನ್ 12ರಂದು ತೂಬು ತೆರೆಯಲಾಗಲಿಲ್ಲ. ಅದೇ ವರ್ಷ ಜುಲೈ 30ಕ್ಕೆ ಜಲಾಶಯ ತುಂಬಿ ತುಳುಕಿತು. 2025ರಲ್ಲಂತೂ ಜೂನ್ ತಿಂಗಳೊಳಗೇ ತುಂಬಿತು. ನೀರಿಳಿದ ದಿನಗಳಲ್ಲಿ ಅಧಿಕಾರಿಗಳ ಲಕ್ಷ್ಯವೆಲ್ಲ ಕಾವೇರಿ ವ್ಯಾಜ್ಯದ ಮೇಲೆ. ಪತ್ರಿಕೆಗಳಿಗೆ ನಂದಿಯ ಚಿತ್ರವೆಂದರೆ ಕರ್ನಾಟಕ ನೀರು ಬಿಡಲಿಲ್ಲವೆಂಬುದಕ್ಕೆ ಸಾಕ್ಷಿ. ನೀರೇರಿದ ಮೇಲೆ ಕೇಳುವವರಿಲ್ಲ. ಹೀಗೆ 90 ವರ್ಷಗಳು ಕಳೆದಿವೆ.

ಇದರಲ್ಲಿ ಕನ್ನಡಿಗರಿಗೇನು ಸಂಬಂಧ ಎಂದು ಕೇಳಬಹುದು. ಬಾರಾಮಹಲ್ ಮತ್ತು ಸೇಲಂ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಡಳಿತದಲ್ಲಿತ್ತು. ಜಲಾಶಯಕ್ಕೆ ನೀರು ಇಳಿದು ಬರುವ ಹೊಗೆನಕಲ್ಲಿನ ಹೆಸರೇ ಕನ್ನಡದ್ದು. ಸೇಲಮಿನ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತಿದೆ. ಅಕ್ಷರ ಮಾತ್ರ ತಮಿಳು. ಶಾಲೆ ಕೈತಪ್ಪಿದ ಭಾಷೆಗೆ ಉಳಿಯುವುದು ಊರಿನ ಹೆಸರು, ದೇವರ ಹೆಸರು, ಅಜ್ಜಿಯ ಬಾಯಿಯ ಕತೆ. ಊರೇ ಮುಳುಗಿದಲ್ಲಿ ಆ ಆಸರೆಯೂ ಹೋಗುತ್ತದೆ. 1956ರ ನಂತರ ಊರು ಕದಲದೆ ರಾಜ್ಯ ಬದಲಾದ ನಮಗೆ, ಊರ ಹೆಸರು ಅಳಿಸಿಹೋಗುವುದೆಂದರೇನು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೆಟ್ಟೂರಿನಲ್ಲಿಯೂ ಮುಳುಗು ವಿಹಾರ ಆರಂಭಿಸಲಿ ಎನ್ನುವವರು ಇರಬಹುದು. ಅದು ಮದ್ದಲ್ಲ. ಹವಳದ ಸಮುದ್ರದ ತಿಳಿನೀರು ಇದಲ್ಲ. ಹೂಳು ತುಂಬಿದ ಕಲಕು ನೀರು. ಕಾವೇರಿಯ ಈ ಭಾಗದಲ್ಲಿ ಮೊಸಳೆಗಳಿವೆ. ಅಷ್ಟಕ್ಕೂ ಮುಳುಗುವ ಅಗತ್ಯವೇ ಇಲ್ಲ: ಕೆಲವು ವರ್ಷಗಳಿಗೊಮ್ಮೆ ನೀರೇ ಇಳಿದು ದಾರಿ ಬಿಡುತ್ತದೆ. ಆ ಕೆಲವು ವಾರಗಳನ್ನು ಬಳಸಿಕೊಳ್ಳುವ ಸಿದ್ಧತೆ ಮೊದಲೇ ಇರಬೇಕು, ಅಷ್ಟೆ.

ಅವಸರಕ್ಕೆ ಕಾರಣಗಳು ಮೂರು. ಮೊದಲನೆಯದು ಹೂಳು. 2017ರ ಮೇ ತಿಂಗಳಲ್ಲಿ ಅಣೆಕಟ್ಟಿನ ಹೂಳೆತ್ತುವ ಕೆಲಸ ಆರಂಭವಾಯಿತು. ರೈತರ ಹಿತಕ್ಕೆ ಅದು ಬೇಕಾದದ್ದೇ. ಆದರೆ ಯಂತ್ರಕ್ಕೆ ಹೂಳೂ ಒಂದೇ, ಹಳೆಯ ತಳಪಾಯವೂ ಒಂದೇ. ಎಲ್ಲೆಲ್ಲಿ ಏನಿದೆ ಎಂಬ ನಕ್ಷೆ ಮೊದಲು ಸಿದ್ಧವಾಗಬೇಕು. ಎರಡನೆಯದು ನೀರಿನ ಏರಿಳಿತ. ಸದಾ ನೀರಿನಲ್ಲಿರುವ ಕಲ್ಲಿಗಿಂತ ನೆನೆದು ಒಣಗುವ ಕಲ್ಲು, ಗಾರೆ ಬೇಗ ಸವೆಯುತ್ತವೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಇಗರ್ಜಿ ನೋಡಿದವರಿಗೆ ಇದು ಗೊತ್ತು. ಮೂರನೆಯದು ಮನುಷ್ಯನ ಆಯುಸ್ಸು. ಅಂದು ಊರು ಬಿಟ್ಟಾಗ ಕೈಗೂಸಾಗಿದ್ದವರಿಗೂ ಈಗ 90 ದಾಟಿದೆ.

ಮನಸ್ಸು ಮಾಡಿದರೆ ಇದು ಅಸಾಧ್ಯವಲ್ಲ. ನಾಗಾರ್ಜುನಕೊಂಡ ಮುಳುಗುವ ಮೊದಲು, 1954ರಿಂದ 1960ರವರೆಗೆ ಅಲ್ಲಿ ಉತ್ಖನನ ನಡೆಸಿ, ಮುಖ್ಯ ಕಟ್ಟಡಗಳನ್ನು ಎತ್ತರದಲ್ಲಿ ಮರಳಿ ಕಟ್ಟಲಾಯಿತು. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹತ್ತಾರು ವರ್ಷ ನೀರಿನಲ್ಲಿದ್ದು, ಖಾಸಗಿ ದಾನದಿಂದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಎದ್ದು ನಿಂತಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಗೆ ನೀರಡಿಯ ಶೋಧಕ್ಕೆಂದೇ ಒಂದು ವಿಭಾಗವಿದೆ; 2025ರ ಫೆಬ್ರವರಿಯಲ್ಲಿ ಅದು ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿತು. ದ್ವಾರಕೆಗೆ ಸಲ್ಲುವ ಶ್ರದ್ಧೆಯ ಒಂದಂಶವಾದರೂ ಮೆಟ್ಟೂರಿಗೆ ಸಲ್ಲಬಾರದೇಕೆ?

ಯುನೆಸ್ಕೋದ 2001ರ ಒಡಂಬಡಿಕೆ 100 ವರ್ಷ ನೀರಿನಡಿಯಲ್ಲಿದ್ದ ಮಾನವ ಕುರುಹುಗಳನ್ನು ಪರಂಪರೆಯೆಂದು ಗಣಿಸುತ್ತದೆ. ಸದಾ ಮುಳುಗಿದ್ದವನ್ನು ಮಾತ್ರವಲ್ಲ, ಆಗಾಗ ಮುಳುಗಿ ಏಳುವವನ್ನೂ. ಮೆಟ್ಟೂರಿನ ಊರುಗಳಿಗೆ 2034ರಲ್ಲಿ ನೂರು ತುಂಬುತ್ತದೆ. ಅಷ್ಟರಲ್ಲಿ ಮುಳುಗಿದ ಊರುಗಳ ಪಟ್ಟಿ, ನಕ್ಷೆ, ಚಿತ್ರಗಳು ಸಿದ್ಧವಾಗಬೇಕು. ಅಲ್ಲಿಂದ ಎದ್ದುಹೋದ ಮನೆತನಗಳ ನೆನಪುಗಳು ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ದಾಖಲಾಗಬೇಕು. ಮೊದಲೆರಡು ತಮಿಳುನಾಡು ಸರಕಾರದ ಹೊಣೆ. ಕೊನೆಯದಕ್ಕೆ ಸರಕಾರವನ್ನು ಕಾಯಬೇಕಾಗಿಲ್ಲ. ಆ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಒಂದು ನೋಟುಪುಸ್ತಕ, ಕೇಳುವ ಒಬ್ಬ ಮೊಮ್ಮಗ ಇದ್ದರೆ ಸಾಕು.