ಜಾವಾ ಹೇಳಿದ್ದನ್ನ ಕೇಳಿಸ್ಕೊಂಡ್ರಾ?

ಜಾವಾ 11ರಿಂದ 17ಕ್ಕೆ ಹೋಗೋ ಕೆಲಸ ನಿಮ್ಮ ತಲೆ ಮೇಲೆ ಬಿದ್ದಿದ್ಯಾ? ಹಾಗಾದ್ರೆ ಕೋಡ್‌ಗಿಂತ ಮೊದಲು ಸರ್ವರ್ ಸ್ಟಾರ್ಟ್ ಮಾಡೋ ಸ್ಕ್ರಿಪ್ಟ್ ತೆಗೆದು ನೋಡಿ. ಯಾವಾಗಲೋ ಯಾರೋ ಬರೆದಿಟ್ಟ ಆಪ್ಷನ್‌ಗಳು ಅಲ್ಲೇ ಕೂತಿರುತ್ತವೆ. ಅವುಗಳಲ್ಲಿ ಒಂದು ಹಳೆಯದಾಗಿದ್ರೂ ಸಾಕು, ನಿಮ್ಮ ಕೋಡಿನ ಒಂದು ಸಾಲೂ ಓಡೋ ಮೊದಲೇ ಜೆವಿಎಂ ನಿಂತುಬಿಡುತ್ತೆ.

ಇದು ದಿಢೀರನೆ ಆಗೋದಲ್ಲ. ಜೆವಿಎಂ ಆಪ್ಷನ್‌ಗಳನ್ನ ಸಾಮಾನ್ಯವಾಗಿ ಮೂರು ಹಂತದಲ್ಲಿ ಬೀಳ್ಕೊಡುತ್ತೆ. ಸಿಎಂಎಸ್ ಅನ್ನೋ ಗಾರ್ಬೇಜ್ ಕಲೆಕ್ಟರ್ ಕಥೆ ನೋಡಿ. 2017ರ ಜಾವಾ 9ರಲ್ಲಿ ಅದು ಕೆಲಸ ಮಾಡ್ತಿತ್ತು, ಆದ್ರೆ ‘ಮುಂದೆ ಇದನ್ನ ತೆಗೀಬಹುದು’ ಅನ್ನೋ ಎಚ್ಚರಿಕೆ ಬರ್ತಿತ್ತು. 2020ರ ಜಾವಾ 14ರಲ್ಲಿ ಕಲೆಕ್ಟರನ್ನೇ ತೆಗೆದರು. ಆಗ ಜೆವಿಎಂ ಆ ಆಪ್ಷನ್ನನ್ನ ಪಕ್ಕಕ್ಕಿಟ್ಟು, ಒಂದು ಸಾಲಿನ ಎಚ್ಚರಿಕೆ ಕೊಟ್ಟು ಮುಂದೆ ಹೋಗ್ತಿತ್ತು. 17ಕ್ಕೆ ಬಂದಾಗ ‘ಈ ಆಪ್ಷನ್ ಗೊತ್ತಿಲ್ಲ’ ಅಂತ ಬಾಗಿಲೇ ತೆರೆಯಲ್ಲ. 11ರಿಂದ ನೇರ 17ಕ್ಕೆ ಹಾರಿದವರಿಗೆ ನಡುವಿನ ಹಂತ ಕಾಣೋದೇ ಇಲ್ಲ. 11ರಲ್ಲಿ ದಿನಾ ಬರ್ತಿದ್ದ ಎಚ್ಚರಿಕೆ ಲಾಗ್‌ನಲ್ಲಿ ಹೂತುಹೋಗಿರುತ್ತೆ.

ಗಡಿಬಿಡಿಯಲ್ಲಿ ಒಂದು ಅಡ್ಡದಾರಿ ಕೈಗೆ ಸಿಗುತ್ತೆ: ಇಗ್ನೋರ್‌ಅನ್‌ರೆಕಗ್ನೈಸ್ಡ್‌ವಿಎಂಆಪ್ಷನ್ಸ್. ಹಾಕಿದ ಕೂಡಲೇ ಸರ್ವರ್ ಏಳುತ್ತೆ, ಎಲ್ಲರೂ ಖುಷಿ. ಆದ್ರೆ ಇದು ಹಳೇ ಆಪ್ಷನ್ ಜೊತೆಗೆ ನಿಮ್ಮ ಕಾಗುಣಿತದ ತಪ್ಪನ್ನೂ ನುಂಗಿಬಿಡುತ್ತೆ. ಹೀಪ್‌ಗೆ ಮೆಮೊರಿಯ ನೂರಕ್ಕೆ 75 ಭಾಗ ಕೊಡಬೇಕು ಅಂತ ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್ ಬರೆಯುವಾಗ ಒಂದಕ್ಷರ ತಪ್ಪಿತು ಅಂದ್ಕೊಳ್ಳಿ. ಜೆವಿಎಂ ತುಟಿಪಿಟಿಕ್ಕೆನ್ನದೆ ತನ್ನ ಡೀಫಾಲ್ಟ್ ಆದ ನೂರಕ್ಕೆ 25ರಲ್ಲೇ ಓಡುತ್ತೆ. ಲೋಡ್ ಜಾಸ್ತಿಯಾದ ದಿನ ಮೆಮೊರಿ ಸಾಲದೆ ಬಿದ್ದಾಗ ಕಾರಣ ಹುಡುಕೋರು ನೀವೇ.

ಸರಿಯಾದ ದಾರಿ ಏನೂ ಕಷ್ಟ ಇಲ್ಲ. ಈಗಿನ ವರ್ಷನ್‌ನಲ್ಲೇ ಸರ್ವರ್ ಸ್ಟಾರ್ಟ್ ಮಾಡಿ, ಮೊದಲು ಬರೋ ಎಚ್ಚರಿಕೆಗಳನ್ನ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಆಪ್ಷನ್‌ಗಳನ್ನ ಹೊಸ ಜಾವಾಗೆ ಕೊಟ್ಟು ಬರೀ ವರ್ಷನ್ ಕೇಳಿ. ಅಪ್ಲಿಕೇಷನ್ ಬೇಕಿಲ್ಲ, ಯಾವುದು ನಡೆಯಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಒಂದು ಸಲಕ್ಕೆ ಒಂದೇ ತಪ್ಪು ತೋರಿಸಬಹುದು, ಸರಿಮಾಡಿ ಮತ್ತೆ ಕೇಳಿ. ಡಾಕರ್ ಫೈಲ್ ಮತ್ತು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲೂ ಆಪ್ಷನ್‌ಗಳು ಅಡಗಿರುತ್ತವೆ, ಅಲ್ಲೂ ಇಣುಕಿ.

ಸಿಎಂಎಸ್ ಹೋದ್ರೆ ಅದಕ್ಕಂತ ಹಾಕಿದ್ದ ಟ್ಯೂನಿಂಗ್ ಆಪ್ಷನ್‌ಗಳನ್ನೂ ತೆಗೀರಿ. ಜಿ1 ಕಲೆಕ್ಟರನ್ನ ಅದರ ಡೀಫಾಲ್ಟ್‌ನಲ್ಲೇ ಓಡಿಸಿ, ಅಳತೆ ನೋಡಿ, ಬೇಕಾದ್ರೆ ಮಾತ್ರ ತಿದ್ದಿ. ಉಳಿಸಿಕೊಂಡ ಪ್ರತಿ ಆಪ್ಷನ್ ಪಕ್ಕ ‘ಇದು ಯಾಕೆ’ ಅಂತ ಒಂದು ಸಾಲು ಬರೆದಿಡಿ. ಮುಂದಿನ ಅಪ್‌ಗ್ರೇಡ್ ಮಾಡೋರು ನಿಮ್ಮನ್ನ ನೆನೆಸ್ಕೊಳ್ತಾರೆ.